ಹಳೆಯ ಔಷಧಕ್ಕೆ ಕರಿಮೆಣಸಿನ ಬಲ

ಭಾಲ್ಕಿ, ಔರಾದ್ ಸೀಮೆಯ ದೇವಣಿ ಆಕಳಿಗೆ ಕೆಚ್ಚಲು ಬಾವು ಬಂದರೆ ಹಾಲಿನ ಜೊತೆಗೆ ಮನೆಯ ಆದಾಯಕ್ಕೂ ಪೆಟ್ಟು. ಒಂದೆರಡು ಇಂಜೆಕ್ಷನ್‌ಗೆ ಬಾವು ಇಳಿಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ, ಮುಂದಿನ ಸಲ ವೈದ್ಯರನ್ನು ಕೇಳದೆ ಅದೇ ಔಷಧ ತಂದರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. ಈ ಬಾವಿಗೆ ಕಾರಣವಾಗುವ ಸ್ಟೆಫೈಲೋಕಾಕಸ್ ಆರಿಯಸ್ ಮನುಷ್ಯರ ಕುರು, ಕೀವಿಗೂ ಕಾರಣ. ಹೀಗಾಗಿ ಬೀದರ್‌ನ ನಂದಿನಗರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೂ ನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಗೂ ಎದುರಾಳಿ ಒಂದೇ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ಹೊಸ ಆ್ಯಂಟಿಬಯೋಟಿಕ್ ಸಿದ್ಧವಾಗಲು ಹತ್ತಾರು ವರ್ಷ ಬೇಕು. ಹಾಗಾಗಿ ಇರುವ ಔಷಧಕ್ಕೇ ಬಲ ತುಂಬುವ ಹುಡುಕಾಟ ನಡೆದಿದೆ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವಂತೆ, ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಸಿಪ್ರೊಫ್ಲಾಕ್ಸಾಸಿನ್ ಔಷಧವನ್ನು ‘ನಾರ್‌ಎ’ ಎಂಬ ಪಂಪಿನಿಂದ ಹೊರದೂಡುತ್ತದೆ. ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಆ ಪಂಪಿಗೆ ತಡೆಯೊಡ್ಡಿ ಔಷಧದ ಪರಿಣಾಮ ಹೆಚ್ಚಿಸುತ್ತದೆಂದು ಜಮ್ಮುವಿನ ಸಿಎಸ್‌ಐಆರ್ ವಿಜ್ಞಾನಿಗಳು 2006ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು.

ಕ್ಷಯರೋಗದ ಔಷಧದಲ್ಲಿ ಇದೇ ಪೈಪರಿನ್ ಬೇರೆ ಕೆಲಸಕ್ಕೆ ಬಂತು. 2009ರಲ್ಲಿ ಮಾರುಕಟ್ಟೆಗೆ ಬಂದ ‘ರಿಸೋರಿನ್’ ಗುಳಿಗೆಯಲ್ಲಿ 10 ಮಿ.ಗ್ರಾಂ ಪೈಪರಿನ್ ಸೇರಿಸಿ, ರಿಫಾಂಪಿಸಿನ್ ಪ್ರಮಾಣವನ್ನು 450ರಿಂದ 200 ಮಿ.ಗ್ರಾಂಗೆ ಇಳಿಸಲಾಗಿತ್ತು. ಇಲ್ಲಿ ಪೈಪರಿನ್, ಔಷಧ ರಕ್ತಕ್ಕೆ ಹೆಚ್ಚು ಸೇರುವಂತೆ ನೆರವಾಗುತ್ತದೆ.

ಹಾಗೆಂದು ಗುಳಿಗೆಯ ಜೊತೆ ಮೆಣಸಿನ ಕಷಾಯ ಕುಡಿದರೆ ಸಾಕೆಂದು ಯಾರೂ ತಿಳಿಯಬಾರದು. ಪ್ರಯೋಗಾಲಯದಲ್ಲಿ ಬಳಸಿದ ಶುದ್ಧ ಪೈಪರಿನ್ ಅಳತೆಗೂ ನಮ್ಮ ಸಾರಿನ ಮೆಣಸಿಗೂ ಹೋಲಿಕೆಯಿಲ್ಲ. ಮೂರ್ಛೆರೋಗದ ಫೆನಿಟಾಯಿನ್‌ನಂಥ ಔಷಧದ ಮಟ್ಟವನ್ನೂ ಪೈಪರಿನ್ ರಕ್ತದಲ್ಲಿ ಏರಿಸಬಲ್ಲದು. ಅಡುಗೆಗೆ ನಿರಪಾಯವಾದ ಪದಾರ್ಥವೂ ಔಷಧದ ಜೊತೆ ಸೇರಿದಾಗ ಹೊಸ ಪರೀಕ್ಷೆಗೆ ಒಳಪಡಲೇಬೇಕು.

ಔಷಧ ಉಳಿಸುವ ಕೆಲಸಕ್ಕೆ ಮಾತ್ರ ಕಾಯಬೇಕಿಲ್ಲ. ಆಸ್ಪತ್ರೆಯ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಹಾಲು ಹಿಂಡುವ ಮುನ್ನ ಕೈ, ಕೆಚ್ಚಲು ತೊಳೆಯುವುದು, ವೈದ್ಯರು ಹೇಳಿದಷ್ಟು ದಿನ ಔಷಧ ಪೂರ್ತಿ ಕೊಡಿಸುವುದು, ಅವರು ತಿಳಿಸಿದ ಅವಧಿ ಮುಗಿಯುವ ತನಕ ಆ ಹಾಲನ್ನು ಡೇರಿಗೆ ಹಾಕದಿರುವುದು ನಮ್ಮ ಕೈಯಲ್ಲೇ ಇದೆ. ಈ ಶಿಸ್ತಿಲ್ಲದಿದ್ದರೆ ಮೆಣಸಿನಿಂದ ಬಲ ಪಡೆದ ಔಷಧವೂ ಹೆಚ್ಚು ಕಾಲ ಬಾಳುವುದಿಲ್ಲ.