‘ಆಗಲ್ಲ ಸಾರ್’ ಎನ್ನುವುದಕ್ಕೂ ಸಂಬಳ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಜಿಲ್ಲಾ ಕೇಂದ್ರದಲ್ಲೂ ಇಲ್ಲ, ಬೇಡಿಕೆ ಮಾತ್ರ ಹಳೆಯದು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರಿಗೆ ಹತ್ತಿರದ್ದೆಂದರೆ ಶಿವಮೊಗ್ಗದ ಪಕ್ಕದ ಸೋಗಾನೆ. ಅದು ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು; ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಬರತೊಡಗಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಜಗಳೂರಿನವರಿಗೆ ಅದೂ ದೂರವೇ. ಆದರೂ ಚುನಾವಣೆ ಬಂತೆಂದರೆ ಆಕಾಶದ ಗಾಡಿ ಈ ಊರುಗಳ ಬಾಗಿಲಿಗೇ ಬರುತ್ತದೆ. ಮೈದಾನದಲ್ಲಿ ಸುಣ್ಣದಿಂದ ದೊಡ್ಡ ‘ಎಚ್’ ಬರೆಯುತ್ತಾರೆ, ಸುತ್ತ ಬ್ಯಾರಿಕೇಡ್ ಕಟ್ಟುತ್ತಾರೆ, ಅಗ್ನಿಶಾಮಕ ವಾಹನ ಬಂದು ನಿಲ್ಲುತ್ತದೆ. ಸುತ್ತಲಿನ ಹಳ್ಳಿಗಳ ಜನ ಭಾಷಣಕ್ಕಿಂತ ಮುಂಚೆ ಹೆಲಿಕಾಪ್ಟರ್ ನೋಡಲು ಸೇರುತ್ತಾರೆ. ಇಳಿದವರಿಗೆ ಹಾರ ಬೀಳುತ್ತದೆ, ಇಳಿಸಿದವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಾಡಿಗೆಯ ಹೆಲಿಕಾಪ್ಟರ್ ಮತ್ತು ಖಾಸಗಿ ಜೆಟ್ ನಡೆಸುವ ಈ ಪೈಲಟ್‌ಗಳ ಕೆಲಸದ ಬಗ್ಗೆ ನನ್ನ ವಾದ ಇಷ್ಟು: ಅವರ ಸಂಬಳದ ದೊಡ್ಡ ಪಾಲು ಸಲ್ಲಬೇಕಾದದ್ದು ‘ಈಗ ಆಗಲ್ಲ ಸಾರ್’ ಎಂದು ಹೇಳುವ ಧೈರ್ಯಕ್ಕೆ. ಆ ಮಾತು ಬಾಯಿಂದ ಬರದಂತೆ ಮಾಡುವ ಏರ್ಪಾಡೆಲ್ಲ ನಾವೇ ಮಾಡಿಟ್ಟಿದ್ದೇವೆ.

ಕಾನೂನಿನ ಭಾಷೆಯಲ್ಲಿ ಇದು ‘ನಾನ್-ಶೆಡ್ಯೂಲ್ಡ್’ ಸೇವೆ. ಅಂದರೆ ವೇಳಾಪಟ್ಟಿ ಇಲ್ಲದ್ದು. ಯಾರೋ ಒಬ್ಬರು ಇಡೀ ವಿಮಾನವನ್ನು ಬಾಡಿಗೆಗೆ ಹಿಡಿಯುತ್ತಾರೆ, ಅವರು ಹೇಳಿದ ಊರಿಗೆ, ಹೇಳಿದ ಹೊತ್ತಿಗೆ ಹೋಗಬೇಕು. ಕರ್ನಾಟಕದಲ್ಲಿ ಈ ವ್ಯವಹಾರಕ್ಕೆ ಹೆಸರು ತಂದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಹಾರುವ ಮುಂಚೆಯೇ ಅವರು ಡೆಕ್ಕನ್ ಏವಿಯೇಷನ್ ಹೆಸರಿನಲ್ಲಿ ಹೆಲಿಕಾಪ್ಟರ್ ಬಾಡಿಗೆಗೆ ಬಿಡುತ್ತಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗಿ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ದೊಡ್ಡ ಕಂಪನಿಗಳು ಹೊರಟ ಮೇಲೂ ಖಾಸಗಿ ಜೆಟ್‌ಗಳು ಅಲ್ಲಿಂದ ಹಾರುವುದು ನಿಂತಿಲ್ಲ. ದೊಡ್ಡ ಏರ್‌ಲೈನ್‌ನ ಪೈಲಟ್‌ಗೆ ತಿಂಗಳ ಪಟ್ಟಿ ಮೊದಲೇ ಕೈಸೇರುತ್ತದೆ. ಚಾರ್ಟರ್ ಪೈಲಟ್ ಫೋನಿಗೆ ಕಾಯುತ್ತಾರೆ. ಕರೆ ಬಂದರೆ ಹವಾಮಾನ ವರದಿ ಓದುವುದು, ತೂಕದ ಲೆಕ್ಕ ಹಾಕುವುದು, ಇಂಧನಕ್ಕೆ ಹೇಳುವುದು ಎಲ್ಲ ಅವರ ತಲೆಗೇ ಬರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಸೂಟ್‌ಕೇಸ್ ಎತ್ತಿ ಒಳಗಿಡುವುದು, ತಿಂಡಿ ಬಂತೇ ಎಂದು ವಿಚಾರಿಸುವುದು, ಚಕ್ರಕ್ಕೆ ಅಡ್ಡ ಕೊಡುವುದೂ ಅವರೇ. ಅದರಲ್ಲಿ ಅವಮಾನವೇನಿಲ್ಲ. ಕಷ್ಟ ಇರುವುದು ಬೇರೆ ಕಡೆ: ಬಾಡಿಗೆ ಕೊಟ್ಟವರು ಪೈಲಟ್‌ನ ಬೆನ್ನ ಹಿಂದೆ, ಮೂರು ನಾಲ್ಕು ಅಡಿ ದೂರದಲ್ಲೇ ಕೂತಿರುತ್ತಾರೆ. ಅವರ ಮೊಬೈಲಿನಲ್ಲಿ ಕಂಪನಿ ಮಾಲೀಕರ ನಂಬರ್ ಇರುತ್ತದೆ.

ಕಾನೂನು ಪೈಲಟ್ ಪರವಾಗಿಯೇ ಇದೆ. 1937ರ ವಿಮಾನ ನಿಯಮಗಳಿಂದ ಹಿಡಿದು 1934ರ ಕಾಯ್ದೆಯ ಜಾಗಕ್ಕೆ 2025ರ ಜನವರಿಯಲ್ಲಿ ಬಂದ ಭಾರತೀಯ ವಾಯುಯಾನ ಅಧಿನಿಯಮದವರೆಗೆ ಒಂದು ಮಾತು ಬದಲಾಗಿಲ್ಲ: ವಿಮಾನದ ಸುರಕ್ಷತೆಯ ಕೊನೆಯ ಹೊಣೆ, ಕೊನೆಯ ತೀರ್ಮಾನ ಕಮಾಂಡ್‌ನಲ್ಲಿರುವ ಪೈಲಟ್‌ನದ್ದು. ಮಂತ್ರಿ ಇರಲಿ, ಮಾಲೀಕ ಇರಲಿ, ಒಳಗೆ ಕೂತವರು ಪ್ರಯಾಣಿಕರಷ್ಟೇ. ಚನ್ನಗಿರಿ ಕಡೆಯ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಯಲ್ಲಿ ನೆಂದ ಅಡಿಕೆ ಮರ ಹತ್ತಲ್ಲ ಎಂದು ಕೊಯ್ಲಿನವನು ಅಂದರೆ ಕೇಣಿದಾರನೂ ಸುಮ್ಮನೆ ಬಿಸಿಲು ಕಾಯುತ್ತಾನೆ. ಮರದ ಮೇಲಿರುವ ಜೀವ ಯಾರದೆಂದು ಇಬ್ಬರಿಗೂ ಗೊತ್ತು. ವಿಮಾನದಲ್ಲಿ ಬಾಡಿಗೆ ಕೊಟ್ಟವರ ಜೀವವೂ ಅದೇ ಮರದ ಮೇಲಿರುತ್ತದೆ. ವಿಚಿತ್ರವೆಂದರೆ ಅಲ್ಲಿಯೇ ಕಾಯುವ ತಾಳ್ಮೆ ಕಡಿಮೆ.

ನಮ್ಮ ಚುನಾವಣೆಗಳ ಕಾಲವನ್ನೇ ನೋಡಿ. 2018ರ ವಿಧಾನಸಭೆ ಮತದಾನ ಮೇ 12ಕ್ಕೆ, 2023ರದ್ದು ಮೇ 10ಕ್ಕೆ. 2024ರಲ್ಲಿ ದಾವಣಗೆರೆ ಲೋಕಸಭೆ ಮತದಾನ ಮೇ 7ಕ್ಕೆ. ಅಂದರೆ ಪ್ರಚಾರದ ಬಿರುಸೆಲ್ಲ ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ. ಮಧ್ಯಾಹ್ನದವರೆಗೆ ನೆಲ ಕಾದು, ನಾಲ್ಕರ ಹೊತ್ತಿಗೆ ಮೋಡ ಗೋಪುರದಂತೆ ಎದ್ದು, ಗಾಳಿ ಸಮೇತ ಗುಡುಗು ಮಳೆ ಸುರಿಯುವ ಕಾಲ ಅದು. ಬಿತ್ತನೆಗೆ ಹದ ಕೊಡುವ ಈ ಮಳೆ ಸಣ್ಣ ವಿಮಾನಕ್ಕೆ, ಹೆಲಿಕಾಪ್ಟರ್‌ಗೆ ವೈರಿ. ಇನ್ನು ಬಿಸಿಲಿನ ಲೆಕ್ಕ. ದಾವಣಗೆರೆ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ, ತಾಪ ಏರಿದಂತೆ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೋಟರ್ ರೆಕ್ಕೆಗಳು ಎತ್ತುವ ಭಾರ ಕಡಿಮೆ, ಎಂಜಿನ್ನಿನ ಕಸುವೂ ಕಡಿಮೆ. ಜಗಳೂರಿನ ಮೈದಾನದಲ್ಲಿ ಮಧ್ಯಾಹ್ನ ಎರಡಕ್ಕೆ ‘ನಮ್ಮ ಅಧ್ಯಕ್ಷರನ್ನೂ ಹತ್ತಿಸಿಕೊಳ್ಳಿ, ಸೀಟು ಖಾಲಿ ಇದೆಯಲ್ಲ’ ಎಂದರೆ ಪೈಲಟ್ ಒಲ್ಲೆ ಎನ್ನಬೇಕಾಗುತ್ತದೆ. ಸೀಟು ಖಾಲಿ ಇರುವುದು ನಿಜವೇ. ಇಲ್ಲದಿರುವುದು ಆ ಸೀಟಿನಲ್ಲಿ ಕೂರುವವರ ಭಾರ ಹೊರುವ ಗಾಳಿ. ಮೂರನೆಯದು ಗಡಿಯಾರ. ನೆಲ ನೋಡಿಕೊಂಡು ಹಾರುವ ಹಾರಾಟ ನಮ್ಮ ದೇಶದಲ್ಲಿ ಸೂರ್ಯಾಸ್ತವಾಗಿ 20 ನಿಮಿಷಕ್ಕೆ ಮುಗಿಯಬೇಕು. ಹೊನ್ನಾಳಿಯ ಭಾಷಣ ಅರ್ಧ ಗಂಟೆ ಲಂಬಿಸಿದರೆ ವೇದಿಕೆಯಲ್ಲಿ ಚಪ್ಪಾಳೆ. ಅತ್ತ ಪೈಲಟ್ ಗಡಿಯಾರ ನೋಡುತ್ತ ಕೂತಿರುತ್ತಾರೆ.

ಒಲ್ಲೆ ಎನ್ನದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೇಶದ ದಾಖಲೆ ಸಾಕಷ್ಟು ಉದ್ದವಾಗಿದೆ. 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟ ಮಾಧವರಾವ್ ಸಿಂಧಿಯಾ ಅವರ ಪುಟ್ಟ ವಿಮಾನ ಕೆಟ್ಟ ಹವೆಯಲ್ಲಿ ಮೈನ್‌ಪುರಿ ಬಳಿ ಬಿತ್ತು. ಪತ್ರಕರ್ತರೂ ಸೇರಿ ಎಂಟು ಜನ ಹೋದರು. ಮರುವರ್ಷ ಮಾರ್ಚ್ 3ರಂದು ಲೋಕಸಭಾಧ್ಯಕ್ಷ ಬಾಲಯೋಗಿ ಅವರಿದ್ದ ಹೆಲಿಕಾಪ್ಟರ್ ಆಂಧ್ರದ ಕೈಕಲೂರಿನ ಮೀನಿನ ಕೆರೆಗೆ ಬಿತ್ತು. 2009ರ ಸೆಪ್ಟೆಂಬರ್ 2ರಂದು ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಮೇಲೆ ಮಳೆಮೋಡಗಳಿಗೆ ನುಗ್ಗಿತು. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಮುಂಬೈಗೆ ಬಂದ ಖಾಸಗಿ ಲಿಯರ್‌ಜೆಟ್ ಜೋರು ಮಳೆಯಲ್ಲಿ ಇಳಿಯಲು ಹೋಗಿ ರನ್‌ವೇಯಿಂದ ಜಾರಿ ಮುರಿಯಿತು. ಎಂಟೂ ಜನ ಬದುಕಿದ್ದು ಪುಣ್ಯ. ಕನ್ನಡಿಗರಿಗೆ ಈ ಸಾಲಿನಲ್ಲಿ ತಕ್ಷಣ ನೆನಪಾಗುವುದು ನಟಿ ಸೌಂದರ್ಯ. 2004ರ ಏಪ್ರಿಲ್ 17ರಂದು ಕರೀಂನಗರದ ಪ್ರಚಾರಕ್ಕೆಂದು ಜಕ್ಕೂರಿನಿಂದ ಮೇಲೆದ್ದ ಅವರ ಸೆಸ್ನಾ ಕೆಲವೇ ನಿಮಿಷಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಉರುಳಿತು. ಆದರೆ ಅದನ್ನು ನನ್ನ ವಾದಕ್ಕೆ ಸಾಕ್ಷಿಯಾಗಿ ಎಳೆಯುವುದು ನ್ಯಾಯವಲ್ಲ. ಅಲ್ಲಿ ಅಡ್ಡ ಬಂದದ್ದು ಮೋಡವಲ್ಲ. ಉಳಿದವುಗಳಲ್ಲೂ ಪ್ರಯಾಣಿಕರೇ ಒತ್ತಾಯಿಸಿದರು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಒತ್ತಡಕ್ಕೆ ಬಾಯಿಮಾತಿನ ಆಜ್ಞೆಯೇ ಬೇಕೆಂದಿಲ್ಲ, ಅಲ್ಲಿ ಸಾವಿರಾರು ಜನ ಕಾಯುತ್ತಿದ್ದಾರೆ ಎನ್ನುವ ಅರಿವೇ ಸಾಕಾಗುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ತಪ್ಪು ತೀರ್ಮಾನ ಚಾರ್ಟರ್‌ನವರ ಸೊತ್ತೇ? 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡದ್ದು ವೇಳಾಪಟ್ಟಿ ಇದ್ದ ದೊಡ್ಡ ಕಂಪನಿಯ ವಿಮಾನವೇ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ ಎಂದು ತನಿಖೆ ಹೇಳಿತು. ಆಕ್ಷೇಪಣೆ ಸರಿಯಾಗಿಯೇ ಇದೆ, ನನ್ನ ವಾದಕ್ಕೆ ಬಲ ಬರುವುದೂ ಅದರಿಂದಲೇ. ಮಂಗಳೂರಿನ ಜಗಳ ಕಾಕ್‌ಪಿಟ್ಟಿನ ಬಾಗಿಲೊಳಗಿನದು. ಹಿಂದೆ ಕೂತವರಿಗೆ ಅದರಲ್ಲಿ ಪಾತ್ರವಿರಲಿಲ್ಲ. ಅಂಥ ಕಡೆಯೂ ‘ಬೇಡ’ ಎನ್ನುವುದು ಇಷ್ಟು ಕಷ್ಟವಾದರೆ, ಬಾಡಿಗೆ ಕೊಟ್ಟವರು ಭುಜ ತಟ್ಟಿ ಕೇಳುವ ಕಡೆ ಎಷ್ಟಿರಬೇಡ? ದೊಡ್ಡ ಕಂಪನಿಗಳು ಇದಕ್ಕೊಂದು ದಾರಿಯನ್ನೂ ಕಂಡುಕೊಂಡಿವೆ. ಇಳಿಯದೆ ಮತ್ತೆ ಮೇಲೇರಿದ ಪೈಲಟ್‌ಗೆ ಶಿಕ್ಷೆ ಇಲ್ಲ ಎಂಬ ನೀತಿ ಅಲ್ಲಿ ಬರಹದಲ್ಲೇ ಇದೆ. ಇಂಧನ ಸುಟ್ಟರೂ, ಪ್ರಯಾಣಿಕರು ಬೈದರೂ ಪೈಲಟ್ ತಲೆ ತಗ್ಗಿಸಬೇಕಿಲ್ಲ. ಹೊರಡಲು ಒಪ್ಪದ ಚಾರ್ಟರ್ ಪೈಲಟ್‌ಗೂ ಅಷ್ಟೇ ಸ್ಪಷ್ಟವಾದ ರಕ್ಷೆ ಬೇಕು. ಆದರೆ ಹಾರಿದ ಗಂಟೆಗಳ ಮೇಲೆ ಭತ್ಯೆ ಲೆಕ್ಕ ಹಾಕುವ ಕಡೆ ಒಲ್ಲೆ ಎಂದವರ ಜೇಬಿಗೇ ಕತ್ತರಿ.

ಜೇಬಿನ ಮಾತು ಬಂದಮೇಲೆ ಸಾಲದ ಮಾತು ಬಿಡಲಾಗದು. ವಾಣಿಜ್ಯ ಪೈಲಟ್ ಪರವಾನಗಿಗೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ವೈದ್ಯಕೀಯ ಪರೀಕ್ಷೆ ದಾಟಬೇಕು. 200 ಗಂಟೆ ಹಾರಿರಬೇಕು. ಈ 200 ಗಂಟೆಗಳ ಖರ್ಚು ಇವತ್ತು 40-50 ಲಕ್ಷದ ಆಸುಪಾಸು. ಆಮೇಲೆ ಒಂದು ನಿರ್ದಿಷ್ಟ ಬಗೆಯ ವಿಮಾನ ನಡೆಸಲು ‘ಟೈಪ್ ರೇಟಿಂಗ್’ ಎಂಬ ಇನ್ನೊಂದು ತರಬೇತಿ, ಅದಕ್ಕೂ ಲಕ್ಷಗಟ್ಟಲೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಆಸ್ತಿಯ ಅಡಮಾನ ಕೇಳುವುದು ವಾಡಿಕೆ. ಚನ್ನಗಿರಿಯಲ್ಲಿ ಅಡಿಕೆ ದುಡ್ಡು ಕಂಡ ಮನೆಯವರು ಪೇಟೆಯ ಸೈಟು ಅಡವಿಟ್ಟು ಮಗಳನ್ನೋ ಮಗನನ್ನೋ ಪೈಲಟ್ ಮಾಡಿಸಬಹುದು. ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ಜಗಳೂರಿನ ಮನೆಗೆ ಆ ಬಾಗಿಲೇ ತೆರೆಯುವುದಿಲ್ಲ. ಹೇಗೋ ಕಲಿತು ಬಂದ ಮೇಲೂ ದೊಡ್ಡ ಏರ್‌ಲೈನ್‌ನಲ್ಲಿ ಕೆಲಸ ಕೂಡಲೇ ಸಿಗುತ್ತದೆಂಬ ಖಾತರಿ ಇಲ್ಲ. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಪರವಾನಗಿಗೆ 1,500 ಗಂಟೆ ಬೇಕು. ಆ ಗಂಟೆಗಳನ್ನು ಕೂಡಿಸಲು ಹಲವರು ಸಣ್ಣ ಚಾರ್ಟರ್ ಕಂಪನಿಯ ಬಲಗಡೆ ಸೀಟಿಗೆ ಬರುತ್ತಾರೆ. ತಿಂಗಳ ಕಂತು ತಲೆಯ ಮೇಲಿರುವ, ಪ್ರತಿ ಗಂಟೆಯನ್ನೂ ಎಣಿಸುತ್ತಿರುವ ಇಪ್ಪತ್ಮೂರರ ಹುಡುಗ ಅರವತ್ತರ ಕ್ಯಾಪ್ಟನ್‌ಗೆ ‘ಮುಂದೆ ಮೋಡ ಕಪ್ಪಾಗಿದೆ, ವಾಪಸ್ ಹೋಗೋಣ ಸಾರ್’ ಎನ್ನುವುದು ಪಠ್ಯಪುಸ್ತಕದಲ್ಲಿ ಬರೆದಷ್ಟು ಸಲೀಸಲ್ಲ. ಇಬ್ಬರು ಪೈಲಟ್‌ಗಳಿದ್ದರೆ ಸಾಕು ಎನ್ನುವವರು ಈ ಹುಡುಗನ ಸಾಲವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರಿನಲ್ಲೂ ಇಬ್ಬರು ಪೈಲಟ್‌ಗಳಿದ್ದರು.

ಶ್ರೀಮಂತರ ಜೆಟ್ಟಿನ ಚಿಂತೆ ನ್ಯಾಮತಿಯವರಿಗೇಕೆ ಎಂದು ಕೇಳಬಹುದು. ಉತ್ತರ ಮೈದಾನದಲ್ಲೇ ಇದೆ. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಹೆಲಿಪ್ಯಾಡ್ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆಗಳು ರೆಕ್ಕೆಯ ಗಾಳಿಗೆ ಎದ್ದು ಹಾರಾಡಿದವು. ಪೈಲಟ್ ಇಳಿಸಲಿಲ್ಲ. ಮೇಲೇರಿ, ನೆಲ ಚೊಕ್ಕ ಮಾಡಿದ ಮೇಲೆ ಬಂದು ಇಳಿಸಿದರು. ಅದೇ ವರ್ಷ ಮೇ 2ರಂದು ಹೊಸಕೋಟೆ ಬಳಿ ಹದ್ದು ಬಡಿದು ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿನ ಮುಂಗಾಜು ಒಡೆದಾಗ ಪೈಲಟ್ ಮುಳಬಾಗಿಲಿನ ಸಭೆಯ ಆಸೆ ಬಿಟ್ಟು ಎಚ್‌ಎಎಲ್‌ನಲ್ಲಿ ಇಳಿಸಿದರು. ಎರಡೂ ಕಡೆ ಉಳಿದ ಜೀವಗಳಲ್ಲಿ ನೆಲದ ಮೇಲಿದ್ದವರದ್ದೂ ಸೇರಿದೆ, ಏಕೆಂದರೆ ಹೆಲಿಪ್ಯಾಡಿನ ಬ್ಯಾರಿಕೇಡಿಗೆ ಒರಗಿ ನಿಂತಿರುವುದು ನಮ್ಮೂರಿನ ಮಕ್ಕಳೇ.

ಹಾಗಾದರೆ ಮಾಡಬೇಕಾದ್ದೇನು? ಪೈಲಟ್‌ಗಳಿಗೆ ವಿಶ್ರಾಂತಿ ಹೆಚ್ಚಿಸಿದ ಹೊಸ ನಿಯಮಕ್ಕೆ ತಯಾರಾಗದ ಇಂಡಿಗೊ 2025ರ ಡಿಸೆಂಬರ್ ಆರಂಭದಲ್ಲಿ ಸಾವಿರಾರು ವಿಮಾನಗಳನ್ನು ರದ್ದು ಮಾಡಿದಾಗ ದೇಶವೆಲ್ಲ ಪೈಲಟ್‌ನ ನಿದ್ದೆಯ ಬಗ್ಗೆ ಮಾತಾಡಿತು. ಚಾರ್ಟರ್‌ನವರ ವಿಷಯಕ್ಕೆ ಅಷ್ಟು ದೊಡ್ಡ ಗದ್ದಲ ಎಂದೂ ಏಳುವುದಿಲ್ಲ, ರದ್ದಾಗುವುದು ಒಬ್ಬರ ಪ್ರಯಾಣ ಮಾತ್ರ. ಆದ್ದರಿಂದ ಬದಲಾವಣೆ ಸಣ್ಣ ಸಣ್ಣ ಕಡೆ ಶುರುವಾಗಬೇಕು. ಗಂಟೆ ಲೆಕ್ಕದ ಭತ್ಯೆಗಿಂತ ತಿಂಗಳ ಸಂಬಳದ ಪಾಲು ಹೆಚ್ಚಬೇಕು. ಪೈಲಟ್ ಹಾರಲು ಒಪ್ಪದಿದ್ದರೆ ಪ್ರಶ್ನಿಸುವಂತಿಲ್ಲ ಎಂಬ ಷರತ್ತು ಬಾಡಿಗೆ ಕರಾರಿನಲ್ಲೇ ಇರಬೇಕು. ಹೆಲಿಪ್ಯಾಡ್‌ಗೆ ಅನುಮತಿ ಕೊಡುವ ಜಿಲ್ಲಾಡಳಿತ, ಹೊರಡಬೇಕಾದ ಕೊನೆಯ ಗಳಿಗೆಯನ್ನು ಪೈಲಟ್‌ನಿಂದ ಬರೆಸಿಕೊಂಡು ಸಭೆಯ ಸಂಘಟಕರ ಸಹಿ ಹಾಕಿಸಬಹುದು. ಹೀಗೆ ಮಾಡಿದರೆ ನಾಯಕರು ಊರಲ್ಲೇ ಉಳಿದುಬಿಟ್ಟಾರು ಎಂಬ ಅಂಜಿಕೆ ಕೆಲವರಿಗಿದೆ. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ.