ಅಪರಾಧ ಅಂಕಿ-ಅಂಶಗಳ ಆಕರಗಳು ಮತ್ತು ವಿಮುಕ್ತ ಸಮುದಾಯಗಳ ಅಧ್ಯಯನ

ಭಾರತದ ಅಪರಾಧಗಳ ಕುರಿತ ಅಂಕಿ-ಅಂಶಗಳಿಗೆ ಪ್ರಧಾನ ಆಕರ, ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿ 1986ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅದು ಹೊರತರುವ ‘ಕ್ರೈಮ್ ಇನ್ ಇಂಡಿಯಾ’ ವರದಿಯ ಸರಣಿ ಬ್ಯೂರೋಗಿಂತಲೂ ಹಳೆಯದು, 1953ರಿಂದ ಆರಂಭವಾಗುತ್ತದೆ. ಕಾರಾಗೃಹಗಳ ವಿವರಗಳಿಗೆ 1995ರಿಂದ ಬರುತ್ತಿರುವ ‘ಪ್ರಿಸನ್ ಸ್ಟ್ಯಾಟಿಸ್ಟಿಕ್ಸ್ ಇಂಡಿಯಾ’ವನ್ನು ನೋಡಬೇಕು. ಎರಡೂ ಬ್ಯೂರೋದ ಜಾಲತಾಣದಲ್ಲಿ ದೊರೆಯುತ್ತವೆ.

ಈ ವರದಿಗಳು ಎಣಿಸುವುದು ಪೊಲೀಸರು ದಾಖಲಿಸಿದ ಪ್ರಕರಣಗಳನ್ನೇ ಹೊರತು ನಡೆದ ಅಪರಾಧಗಳನ್ನಲ್ಲ. ಒಂದೇ ಪ್ರಥಮ ವರ್ತಮಾನ ವರದಿಯಲ್ಲಿ ಕೊಲೆ, ಕಳವು ಎರಡೂ ಇದ್ದರೆ ಹೆಚ್ಚು ಶಿಕ್ಷಾರ್ಹವಾದ ಕೊಲೆ ಮಾತ್ರ ಲೆಕ್ಕಕ್ಕೆ ಬರುತ್ತದೆ; ಕಳವು ಕೋಷ್ಟಕದಿಂದಲೇ ಮಾಯವಾಗುತ್ತದೆ.

ಜಾನಪದ ಸಂಶೋಧಕರಿಗೆ ಇದಕ್ಕಿಂತ ಮುಖ್ಯವಾದ ಮಿತಿ ಬೇರೊಂದಿದೆ. 1871ರಲ್ಲಿ ಮೊದಲು ಜಾರಿಗೆ ಬಂದು 1952ರಲ್ಲಿ ರದ್ದಾದ ಅಪರಾಧಿ ಬುಡಕಟ್ಟುಗಳ ಕಾಯಿದೆ ಅನೇಕ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿತ್ತು. ಕಾರಾಗೃಹ ವರದಿ ಬಂದಿಗಳನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗ ಮತ್ತು ಇತರರು ಎಂದು ವಿಂಗಡಿಸುತ್ತದೆ. ಈ ವರ್ಗಗಳಲ್ಲೆಲ್ಲ ಚದುರಿಹೋಗಿರುವ ವಿಮುಕ್ತರಿಗೆ ಅಲ್ಲಿ ಪ್ರತ್ಯೇಕ ಅಂಕಣವಿಲ್ಲ. ಹೀಗಿದ್ದೂ ಇಂಥ ಸಮುದಾಯವೊಂದನ್ನು ‘ಅಪರಾಧಪ್ರವೃತ್ತಿಯದು’ ಎನ್ನುವ ಬರಹಗಳು ಆಧರಿಸುವುದು ವಸಾಹತುಕಾಲದ ಗೆಜೆಟಿಯರುಗಳನ್ನೇ. ಅವಕ್ಕೆ ಈ ವರದಿಗಳ ಬೆಂಬಲವಿಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ಆ ವರ್ಷದ ಕೋಷ್ಟಕಗಳನ್ನು ಹಿಂದಿನವುಗಳೊಡನೆ ನೇರವಾಗಿ ಹೋಲಿಸಲಾಗದು.