ಕಪ್ಪೆ ಮೇಲೆ ಬಾರದಿದ್ದರೆ ಮಣ್ಣನ್ನು ನೋಡಿ

ಗಾಜಿನ ತೊಟ್ಟಿಯಲ್ಲಿ ಪ್ಯಾಕ್‌ಮನ್ ಕಪ್ಪೆ ಸಾಕುವವರನ್ನು ಒಂದಲ್ಲ ಒಂದು ದಿನ ಈ ಆತಂಕ ಕಾಡಿಯೇ ತೀರುತ್ತದೆ. ಹಾಸಿದ ಕೋಕೋಪೀಟ್‌ನೊಳಗೆ ಕಪ್ಪೆ ಹೂತುಕೊಂಡಿದೆ. ವಾರ ಕಳೆಯಿತು, ಎರಡು ವಾರ ಕಳೆಯಿತು, ಕದಲಿಲ್ಲ. ಎರೆಹುಳು ಬಿಟ್ಟರೂ ಬಾಯಿ ತೆರೆಯಲಿಲ್ಲ. ಕಾಯಿಲೆಯೇ? ಸತ್ತೇಹೋಯಿತೇ? ಬಗೆದು ತೆಗೆಯಬೇಕೇ, ಹಾಗೇ ಬಿಡಬೇಕೇ? ಇದಕ್ಕೆ ಉತ್ತರ ಬೇಕಿದ್ದರೆ ಕಪ್ಪೆಗಿಂತ ಮೊದಲು ಅದು ಕೂತಿರುವ ಮಣ್ಣನ್ನು ಪರೀಕ್ಷಿಸಬೇಕು. ಬಿಲ ತೋಡುವ ಕಪ್ಪೆ ನೀರು, ತಂಪು, ಬೇಟೆ, ರಕ್ಷಣೆ ಎಲ್ಲಕ್ಕೂ ಮಣ್ಣನ್ನೇ ನಂಬಿ ಬದುಕುತ್ತದೆ. ಮಣ್ಣು ಬದಲಾದರೆ ಅದರ ದೇಹ ನಡೆಯುವ ರೀತಿಯೂ ಬದಲಾಗುತ್ತದೆ.

ಚಾಕೋ ಬಯಲಿನ ಪ್ರಾಣಿ

ಪ್ಯಾಕ್‌ಮನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಪ್ಪೆಗಳಲ್ಲಿ ಸೆರಟೋಫ್ರಿಸ್ ಕ್ರಾನ್ವೆಲ್ಲೈ ಎಂಬ ಪ್ರಭೇದ ಬಹಳ ಸಾಮಾನ್ಯ. 1980ರಲ್ಲಿ ಜಪಾನಿನಿಂದ ಬಂದ ವಿಡಿಯೋ ಗೇಮ್‌ನ ಬಾಯ್ದೆರೆದ ಪಾತ್ರದ ಹೆಸರು ಈ ಗುಂಡುಮೈಯ, ಅಗಲಬಾಯಿಯ ಕಪ್ಪೆಗೆ ಅಂಟಿಕೊಂಡಿತು. ಇದರ ತವರು ದಕ್ಷಿಣ ಅಮೆರಿಕದ ಗ್ರಾನ್ ಚಾಕೋ. ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾ, ಬ್ರೆಜಿಲ್ ದೇಶಗಳಿಗೆ ಹಬ್ಬಿರುವ ಮುಳ್ಳುಕಾಡು ಮತ್ತು ಹುಲ್ಲುಗಾವಲಿನ ವಿಶಾಲ ಬಯಲು ಅದು. ಅಲ್ಲಿ ಮಳೆಯ ಬಹುಪಾಲು ದಕ್ಷಿಣ ಗೋಳದ ಬೇಸಿಗೆ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಳೆ ನಿಂತ ಮೇಲೆ ಹೊಂಡಗಳು ಬತ್ತಿ, ನೆಲ ಬಿರಿದು, ತಿಂಗಳುಗಟ್ಟಲೆ ಹನಿ ನೀರೂ ಸಿಗುವುದಿಲ್ಲ.

ಅಂಥ ನೆಲದಲ್ಲಿ ತೆಳು ಚರ್ಮದ ಪ್ರಾಣಿಯೊಂದು ಬದುಕಬೇಕಾದರೆ ನೆಲದಡಿಗೆ ಇಳಿಯಲೇಬೇಕು. ಅದಕ್ಕೆ ಬೇಕಾದ ಸಲಕರಣೆ ಅದರ ಹಿಂಗಾಲಿನಲ್ಲೇ ಇದೆ. ಪಾದದ ಒಳಬದಿಯಲ್ಲಿ ಸಲಿಕೆಯ ಅಂಚಿನಂಥ ಗಡುಸಾದ ಗಂಟೊಂದಿದೆ. ಎರಡೂ ಹಿಂಗಾಲುಗಳಿಂದ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತಾ, ಮೈಯನ್ನು ಅತ್ತಿತ್ತ ತಿರುಗಿಸುತ್ತಾ, ಕಪ್ಪೆ ಹಿಮ್ಮುಖವಾಗಿ ಕೆಳಗಿಳಿಯುತ್ತದೆ. ತೊಟ್ಟಿಗೆ ಬಿಟ್ಟ ಕೆಲವೇ ಹೊತ್ತಿನಲ್ಲಿ ಅದು ಹೂತುಕೊಳ್ಳಲು ತೊಡಗಿದರೆ ಗಾಬರಿ ಬೇಡ. ಅದು ತನ್ನ ಜಾತಿಗೆ ಸಹಜವಾದುದನ್ನೇ ಮಾಡುತ್ತಿದೆ.

ಕಣ್ಣು ಮಾತ್ರ ಕಾಣುತ್ತಿದ್ದರೆ

ಹೂತುಕೊಳ್ಳುವುದರಲ್ಲಿ ಎರಡು ಬಗೆಯಿದೆ. ಮೊದಲನೆಯದರಲ್ಲಿ ಮೈಯೆಲ್ಲ ಮಣ್ಣಿನಲ್ಲಿ, ಕಣ್ಣು ಮತ್ತು ಮೂತಿ ಹೊರಗೆ. ಇದು ಬೇಟೆಗಾರನ ಭಂಗಿ. ಪ್ಯಾಕ್‌ಮನ್ ಕಪ್ಪೆ ಆಹಾರ ಅರಸಿ ಅಲೆಯುವುದಿಲ್ಲ. ಆಹಾರ ಹತ್ತಿರ ಸುಳಿಯುವ ತನಕ ಹೊಂಚು ಹಾಕುತ್ತದೆ. ಕೀಟ, ಇನ್ನೊಂದು ಕಪ್ಪೆ, ಸಣ್ಣ ಇಲಿ, ಏನು ಬಂದರೂ ಒಂದೇ ಎಗರಿನಲ್ಲಿ ಕೆಲಸ ಮುಗಿಯಬೇಕು. ದೇಹವೂ ಅದಕ್ಕೆ ತಕ್ಕಂತೆ ರೂಪುಗೊಂಡಿದೆ. ಈ ಗುಂಪಿನ ಕಪ್ಪೆಯ ನಾಲಿಗೆಯ ಅಂಟು ಅದರ ಸ್ವಂತ ತೂಕವನ್ನೂ ಮೀರಿದ ಬಲದಿಂದ ಎಳೆಯಬಲ್ಲದು ಎಂದು ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಕ್ಲೈನ್‌ಟೈಶ್ ಮತ್ತು ಗೋರ್ಬ್ 2014ರಲ್ಲಿ ಅಳೆದು ತೋರಿಸಿದರು. ದವಡೆಯ ಹಿಡಿತವೂ ಅಷ್ಟೇ ಬಿಗಿ. ಕೈಯಿಂದ ಎತ್ತುವವರು ಯಾವಾಗಲೂ ಹಿಂಬದಿಯಿಂದ ಎತ್ತಬೇಕಾದುದು ಇದಕ್ಕಾಗಿಯೇ.

ಹೊಂಚು ಹಾಕಿ ಬದುಕುವ ಪ್ರಾಣಿಗೆ ಕದಲದೆ ಕೂರುವುದೇ ಉಳಿತಾಯ. ಓಡಾಟವಿಲ್ಲದ ದೇಹಕ್ಕೆ ಬೇಕಾದ ಆಹಾರವೂ ಕಡಿಮೆ. ಬೆಳೆದ ಕಪ್ಪೆ ಹೊಟ್ಟೆ ತುಂಬ ಉಂಡು ಒಂದೆರಡು ವಾರ ಇದ್ದಲ್ಲೇ ಇದ್ದರೆ ಅದನ್ನು ಸೋಮಾರಿತನವೆಂದೋ ಬೇಸರವೆಂದೋ ಓದಬಾರದು. ಕಣ್ಣು ಸ್ವಚ್ಛವಾಗಿದ್ದು, ಚಿಮಟದ ತುದಿಯಲ್ಲಿ ಹುಳು ಅಲುಗಿಸಿದಾಗ ಅದರತ್ತ ಗಮನ ಹರಿಸಿದರೆ ಎಲ್ಲವೂ ಸರಿಯಾಗಿದೆ.

ಚರ್ಮದಿಂದ ಕುಡಿಯುವ ಜೀವ

ಎರಡನೆಯ ಬಗೆಯಲ್ಲಿ ಕಪ್ಪೆ ಪೂರ್ತಿ ಮರೆಯಾಗಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಅದು ನೀರು ಕುಡಿಯುವ ರೀತಿಯನ್ನು ತಿಳಿಯಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಗಳ ನಡುವೆ ಇರುವ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂತರೆ ನೀರು ತಾನಾಗಿ ಒಳಗೆ ಇಳಿಯುತ್ತದೆ. ಮಣ್ಣಿನ ನೀರಿಗಿಂತ ಕಪ್ಪೆಯ ಮೈಯ ದ್ರವದಲ್ಲಿ ಲವಣಗಳು ಹೆಚ್ಚಿರುವುದರಿಂದ ನೀರು ಹೊರಗಿನಿಂದ ಒಳಕ್ಕೆ ಹರಿಯುತ್ತದೆ.

ಆದರೆ ಈ ದಾರಿ ಎರಡೂ ಕಡೆಗೆ ತೆರೆದಿದೆ. ಮಣ್ಣು ಒಣಗುತ್ತಾ ಹೋದಂತೆ ಅದರ ಕಣಗಳು ಉಳಿದ ನೀರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಒಂದು ಹಂತ ದಾಟಿದ ಮೇಲೆ ಹರಿವು ತಿರುಗುತ್ತದೆ. ಕಪ್ಪೆಗೆ ನೀರುಣಿಸುತ್ತಿದ್ದ ಅದೇ ಮಣ್ಣು ಕಪ್ಪೆಯ ಮೈಯಿಂದ ನೀರು ಹೀರತೊಡಗುತ್ತದೆ. ಈ ತಿರುವನ್ನು ಎದುರಿಸಲು ಒಣನಾಡಿನ ಕಪ್ಪೆಗಳು ಬೇರೆ ಬೇರೆ ದಾರಿ ಕಂಡುಕೊಂಡಿವೆ.

ಪ್ಯಾಕ್‌ಮನ್ ಕುಟುಂಬದ ದಾರಿ ಕವಚ. ಕಪ್ಪೆಗಳು ಚರ್ಮದ ಹೊರಪದರವನ್ನು ಆಗಾಗ ಕಳಚಿ, ಸಾಮಾನ್ಯವಾಗಿ ತಾವೇ ತಿಂದುಬಿಡುತ್ತವೆ. ಒಣ ಮಣ್ಣಿನಲ್ಲಿ ನಿಶ್ಚಲವಾಗಿ ಕೂತ ಕಪ್ಪೆಯಲ್ಲಿ ಪದರ ಬಿಡಿಸಿಕೊಂಡರೂ ಕಳಚಿ ಬೀಳುವುದಿಲ್ಲ. ಅದರಡಿಯಲ್ಲಿ ಇನ್ನೊಂದು, ಮತ್ತೊಂದು ಸೇರುತ್ತಾ ಹೋಗುತ್ತದೆ. ಚಾಕೋದಲ್ಲೇ ಬದುಕುವ ಹತ್ತಿರದ ಸಂಬಂಧಿ ಲೆಪಿಡೋಬ್ಯಾಟ್ರಕಸ್ ಕಪ್ಪೆಯ ಮೇಲೆ ಮೆಕ್‌ಕ್ಲಾನಹನ್, ಶೂಮೇಕರ್ ಮತ್ತು ರುಯಿಬಾಲ್ 1976ರಲ್ಲಿ ಪ್ರಕಟಿಸಿದ ಅಧ್ಯಯನ, ದಿನಕ್ಕೆ ಸುಮಾರು ಒಂದು ಪದರದಂತೆ ಕವಚ ದಪ್ಪವಾಗುತ್ತದೆಂದು ತೋರಿಸಿತು. ಕೊನೆಗೆ ಮೂಗಿನ ಹೊಳ್ಳೆಗಳಷ್ಟೇ ತೆರೆದಿದ್ದು ಉಳಿದ ಮೈಯೆಲ್ಲ ಒಣ ಚೀಲದೊಳಗೆ ಮುಚ್ಚಿಹೋಗುತ್ತದೆ. ಚರ್ಮದಿಂದ ಆವಿಯಾಗುವ ನೀರು ಬಹಳಷ್ಟು ಕಡಿಮೆಯಾಗುತ್ತದೆ. ಈ ಸ್ಥಿತಿಯೇ ಗ್ರೀಷ್ಮನಿದ್ರೆ. ತೊಟ್ಟಿಯಲ್ಲಿ ಇಂಥ ಕಪ್ಪೆಯನ್ನು ಕಂಡವರು ಅದು ಸತ್ತು ಒಣಗಿದೆ ಎಂದೇ ಭಾವಿಸಿಬಿಡುವ ಅಪಾಯವಿದೆ.

ಆಸ್ಟ್ರೇಲಿಯಾದ ನೀರು ಹಿಡಿಯುವ ಕಪ್ಪೆ ಕವಚವನ್ನೂ ಕಟ್ಟುತ್ತದೆ, ಜೊತೆಗೆ ಮೂತ್ರಕೋಶದಲ್ಲಿ ತನ್ನ ತೂಕದ ಅರ್ಧದಷ್ಟು ತೆಳು ಮೂತ್ರವನ್ನು ತುಂಬಿಕೊಂಡು ಇಳಿಯುತ್ತದೆ. ನೀರು ಬೇಕಾದಾಗ ಅಲ್ಲಿಂದ ಮತ್ತೆ ದೇಹಕ್ಕೆ ಹೀರಿಕೊಳ್ಳುತ್ತದೆ. ಮರುಭೂಮಿಯ ಮೂಲನಿವಾಸಿಗಳು ಬಾಯಾರಿದಾಗ ಈ ಕಪ್ಪೆಗಳನ್ನು ಅಗೆದು ನೀರು ಪಡೆಯುತ್ತಿದ್ದರು. ಉತ್ತರ ಅಮೆರಿಕದ ಸೊನೋರಾ ಮರುಭೂಮಿಯ ಸ್ಪೇಡ್‌ಫುಟ್ ಕಪ್ಪೆ ರಕ್ತದಲ್ಲಿ ಯೂರಿಯಾ ಕೂಡಿಹಾಕಿ ಮೈಯ ದ್ರವವನ್ನು ಗಾಢವಾಗಿಸಿಕೊಳ್ಳುತ್ತದೆ. ಆಗ ಅರೆಒಣ ಮಣ್ಣಿನಿಂದಲೂ ಅದಕ್ಕೆ ನೀರು ಸಿಗುತ್ತದೆ. ವರ್ಷದ ಹೆಚ್ಚಿನ ಕಾಲ ನೆಲದಡಿಯಲ್ಲೇ ಕಳೆಯುವ ಅದನ್ನು ಎಬ್ಬಿಸುವುದು ಮಳೆ ನೆಲಕ್ಕೆ ಅಪ್ಪಳಿಸುವಾಗಿನ ಕಂಪನ ಎಂದು ಡಿಮಿಟ್ ಮತ್ತು ರುಯಿಬಾಲ್ 1980ರಲ್ಲಿ ತೋರಿಸಿದರು. ಒಣ ನೆಲದಲ್ಲಿ ವಿದ್ಯುತ್ ಮೋಟಾರಿನಿಂದ ಕಂಪನ ಹುಟ್ಟಿಸಿದರೂ ಕಪ್ಪೆಗಳು ಮೇಲೆ ಬಂದವು.

ಕರ್ನಾಟಕದ ಮೊದಲ ಮಳೆಗೆ ಹೊಲಗಳಿಂದ ಎದ್ದು ಬರುವ ಸ್ಫೀರೋಥೀಕಾ ಕುಲದ ಕಪ್ಪೆಗಳ ಹಿಂಗಾಲಿನಲ್ಲೂ ಅಗೆಯುವ ಗಂಟಿದೆ. 2020ರಲ್ಲಿ ಬೆಂಗಳೂರಿನ ಹೊರವಲಯದಿಂದ ವಿಜ್ಞಾನಕ್ಕೆ ಹೊಸದಾಗಿ ಸೇರಿದ ಪ್ರಭೇದಕ್ಕೆ ಸ್ಫೀರೋಥೀಕಾ ಬೆಂಗಳೂರು ಎಂದೇ ಹೆಸರು. ಇವು ನೋಡಲು ಎಷ್ಟೇ ಮುದ್ದಾಗಿದ್ದರೂ ಹೊಲದಿಂದ ಹಿಡಿದು ತಂದು ತೊಟ್ಟಿಗೆ ಹಾಕಬಾರದು. ಅವುಗಳ ಜಾಗ ಹೊಲವೇ.

ನೆಲದಡಿಯಲ್ಲಿ ದೇಹಕ್ಕೆ ಏನಾಗುತ್ತದೆ

ಗ್ರೀಷ್ಮನಿದ್ರೆಯ ವಿವರಗಳನ್ನು ಚೆನ್ನಾಗಿ ಅಭ್ಯಾಸ ಮಾಡಿರುವುದು ಆಸ್ಟ್ರೇಲಿಯಾದ ಹಸಿರುಪಟ್ಟೆಯ ಬಿಲಗಪ್ಪೆಯಲ್ಲಿ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ರೇಗ್ ಫ್ರಾಂಕ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಈ ಕೆಲಸದಲ್ಲಿ ಹೆಸರಾದವರು. ನಿದ್ರೆಯಲ್ಲಿರುವ ಕಪ್ಪೆಯ ಆಮ್ಲಜನಕ ಬಳಕೆ ಶೇ. 70ರಿಂದ 80ರಷ್ಟು ತಗ್ಗಬಲ್ಲದು. ಉಣ್ಣದಿರುವಾಗ ಕರುಳನ್ನು ಪೂರ್ತಿ ಗಾತ್ರದಲ್ಲಿ ಕಾಪಾಡಿಕೊಳ್ಳುವುದು ದುಬಾರಿ. ಹಾಗಾಗಿ ಅದು ಕುಗ್ಗುತ್ತದೆ. ಆದರೆ ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದರೂ ಕಾಲಿನ ಸ್ನಾಯುಗಳು ಹೆಚ್ಚು ಸೊರಗುವುದಿಲ್ಲ. ಮನುಷ್ಯನ ಕಾಲಿಗೆ ಕೆಲವು ವಾರ ಪ್ಲಾಸ್ಟರ್ ಹಾಕಿದರೇ ಸ್ನಾಯು ಸಣ್ಣಗಾಗುವುದನ್ನು ನೆನೆದರೆ ಇದು ಬೆರಗಿನ ಸಂಗತಿ. ಮಳೆ ಬಂದ ರಾತ್ರಿಯೇ ಎದ್ದು, ಜಿಗಿದು, ಸಂಗಾತಿಯನ್ನು ಹುಡುಕಬೇಕಾದ ಪ್ರಾಣಿಗೆ ಕಾಲಿನ ಬಲ ಉಳಿದಿರಲೇಬೇಕು.

ಇಷ್ಟೆಲ್ಲ ಸಾಧ್ಯವಾಗುವುದು ಕೊಬ್ಬು ಮತ್ತು ನೀರಿನ ದಾಸ್ತಾನು ಮೈಯಲ್ಲಿದ್ದಾಗ ಮಾತ್ರ. ಮಳೆಗಾಲವಿಡೀ ಉಂಡು ಕೊಬ್ಬಿದ ಕಾಡಿನ ಕಪ್ಪೆಗೂ ಅಂಗಡಿಯಿಂದ ಬಂದ ಎಳೆಯ ಕಪ್ಪೆಗೂ ಇಲ್ಲೇ ವ್ಯತ್ಯಾಸ. ಎಳೆಯದರ ದಾಸ್ತಾನು ಸಣ್ಣದು. ಅದು ಉಣ್ಣದೆ ಹೂತುಕೊಂಡ ದಿನಗಳನ್ನು ಹೆಚ್ಚು ಗಂಭೀರವಾಗಿ ಎಣಿಸಬೇಕು.

ತೊಟ್ಟಿಯಲ್ಲಿ ಹುಟ್ಟುವ ಬರ

ಮನೆಯ ತೊಟ್ಟಿಯಲ್ಲಿ ಕಪ್ಪೆ ಗ್ರೀಷ್ಮನಿದ್ರೆಗೆ ಜಾರಿದರೆ ಅದಕ್ಕೆ ಕಾರಣ ಬಹುತೇಕ ನಮಗೆ ಗೊತ್ತಿಲ್ಲದೆ ನಾವೇ ತಂದ ಬರ. ಮೇಲಿಂದ ನೀರು ಸಿಂಪಡಿಸಿದಾಗ ಕೋಕೋಪೀಟ್‌ನ ಮೇಲ್ಪದರ ಕಪ್ಪಾಗಿ ಒದ್ದೆಯಾಗಿ ಕಾಣುತ್ತದೆ. ಎರಡು ಮೂರು ಅಂಗುಲ ಕೆಳಗೆ, ಕಪ್ಪೆ ಕೂತಲ್ಲಿ, ಅದು ಒಣಗಿಯೇ ಇರಬಹುದು. ಆದ್ದರಿಂದ ತಳದ ಮಣ್ಣನ್ನು ಮುಟ್ಟಿ ನೋಡಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದ್ದರೆ ಒಂದು ಮೂಲೆಯಲ್ಲಿ ನಿಧಾನವಾಗಿ ನೀರು ಸುರಿದು ಅದು ತಳದಿಂದ ಹರಡುವಂತೆ ಮಾಡಬೇಕು. ನಲ್ಲಿ ನೀರಿನ ಕ್ಲೋರಿನ್ ಚರ್ಮದ ಮೂಲಕ ನೇರ ಒಳಗಿಳಿಯುವುದರಿಂದ ಕ್ಲೋರಿನ್ ತೆಗೆದ ನೀರನ್ನೇ ಬಳಸಬೇಕು.

ಎರಡನೆಯ ಕಾರಣ ಶಾಖ. ಹಗಲಿಗೆ 24ರಿಂದ 28 ಡಿಗ್ರಿ ಈ ಕಪ್ಪೆಗೆ ಒಪ್ಪುವ ತಾಪ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳ ಚಳಿಯಲ್ಲಿ ಅದರ ಜೀರ್ಣಶಕ್ತಿ ಕುಂದಿ, ಹಸಿವೂ ಇಂಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಯಲ್ಲಿ ಅದು ತಂಪು ಹುಡುಕಿ ಕೆಳಗಿಳಿಯುತ್ತದೆ. ಚಳಿನಾಡುಗಳಲ್ಲಿ ನೆಲೆಸಿದವರ ಮನೆಯ ಹೀಟರ್ ಗಾಳಿಯ ತೇವವನ್ನೆಲ್ಲ ಹೀರಿ ಮಣ್ಣನ್ನು ಬೇಗ ಒಣಗಿಸುತ್ತದೆ. ಇವೆಲ್ಲಕ್ಕಿಂತ ಅಪಾಯಕಾರಿ ತೊಟ್ಟಿಯ ತಳಕ್ಕೆ ಅಂಟಿಸಿದ ಬಿಸಿ ಹಾಳೆ. ನೆಲದಲ್ಲಿ ಆಳಕ್ಕೆ ಹೋದಷ್ಟೂ ತಂಪು ಎಂಬುದು ಕಪ್ಪೆಯ ಹುಟ್ಟುಅರಿವು. ತಳ ಕಾದಾಗ ಅದು ಬಿಸಿ ತಪ್ಪಿಸಿಕೊಳ್ಳಲೆಂದು ಇನ್ನೂ ಆಳಕ್ಕೆ ಇಳಿದು, ಬಿಸಿಯ ಮೇಲೆಯೇ ಹೋಗಿ ಕೂರುತ್ತದೆ. ಹಾಳೆಯನ್ನು ಪಕ್ಕದ ಗಾಜಿಗೆ ಅಂಟಿಸಿ, ಥರ್ಮೋಸ್ಟಾಟ್ ಜೋಡಿಸುವುದೇ ಸರಿ.

ಮೂರನೆಯದು ಕೊಳಕು. ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನೂ ಕಪ್ಪೆಯ ಚರ್ಮ ಹೀರಿಕೊಳ್ಳುತ್ತದೆ. ಹೂತ ಕಪ್ಪೆಗೆ ತೊಂದರೆಯಾದೀತೆಂದು ತಿಂಗಳುಗಟ್ಟಲೆ ಮಣ್ಣು ಬದಲಿಸದಿರುವುದು ಕರುಣೆಯಾಗಲಾರದು.

ಯಾವಾಗ ಎಬ್ಬಿಸಬೇಕು

ಮಣ್ಣು ಹದವಾಗಿದ್ದು, ತಾಪ ಸರಿಯಿದ್ದು, ಕಪ್ಪೆ ಗುಂಡಾಗಿದ್ದರೆ ಬಿಟ್ಟುಬಿಡಿ. ದಿನವೂ ಬಗೆದು ನೋಡಿದರೆ ಅದು ಉಳಿಸಿಟ್ಟ ಶಕ್ತಿ ವ್ಯರ್ಥವಾಗುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ಸಾಕು. ತೂಕ ನಿಂತಲ್ಲೇ ನಿಂತಿದ್ದರೆ ಭಯವಿಲ್ಲ. ಸತತವಾಗಿ ಇಳಿಯುತ್ತಿದ್ದರೆ ಕಾರಣ ಹುಡುಕಬೇಕು.

ಮೈಗೆ ಒಣ ಕವಚ ಕಟ್ಟಿದ್ದರೆ ಕೈಯಿಂದ ಸುಲಿಯಬಾರದು. ಕ್ಲೋರಿನ್ ಇಲ್ಲದ, ಕೋಣೆಯ ತಾಪದ ನೀರನ್ನು ಅಗಲ ಪಾತ್ರೆಯಲ್ಲಿ ಅದರ ಗದ್ದಕ್ಕಿಂತ ಕೆಳಗಿರುವಷ್ಟು ಮಾತ್ರ ತುಂಬಿ ಕೂರಿಸಬೇಕು. ಈ ಕಪ್ಪೆ ಒಳ್ಳೆಯ ಈಜುಗಾರನಲ್ಲ, ಆಳ ನೀರಿನಲ್ಲಿ ಮುಳುಗೀತು. ಚರ್ಮ ನೀರು ಹೀರುತ್ತಿದ್ದಂತೆ ಕವಚ ಮೆತ್ತಗಾಗುತ್ತದೆ, ಕಪ್ಪೆ ಅದನ್ನು ತಾನೇ ಕಳಚುತ್ತದೆ. ಕುಗ್ಗಿದ ಕರುಳಿಗೆ ತಕ್ಷಣ ದೊಡ್ಡ ಊಟ ಹೊರಿಸದೆ, ಒಂದೆರಡು ದಿನ ಬಿಟ್ಟು ಸಣ್ಣ ಎರೆಹುಳುವಿನಿಂದ ಆರಂಭಿಸಬೇಕು.

ಎತ್ತಿದಾಗ ಕಾಲುಗಳು ಜೋತುಬಿದ್ದರೆ, ಅಂಗಾತ ಮಾಡಿದರೆ ಮಗುಚಿಕೊಳ್ಳಲಾಗದಿದ್ದರೆ, ಹೊಟ್ಟೆ ಮತ್ತು ತೊಡೆ ಕೆಂಪಾಗಿದ್ದರೆ, ಮೈ ಊದಿದ್ದರೆ ಅಥವಾ ಸೊಂಟದ ಮೂಳೆ ಎದ್ದು ಕಂಡರೆ ಅದು ನಿದ್ರೆಯಲ್ಲ, ಕಾಯಿಲೆ. ಉಭಯಚರಗಳನ್ನು ನೋಡುವ ಪಶುವೈದ್ಯರ ಬಳಿ ಅಂದೇ ಒಯ್ಯಬೇಕು. ಎಷ್ಟೇ ಬೇಸರವಾದರೂ ಸಾಕಿದ ಕಪ್ಪೆಯನ್ನು ಕೆರೆಗೋ ತೋಟಕ್ಕೋ ಬಿಡಬಾರದು. ಜಗತ್ತಿನ ಅನೇಕ ಕಡೆ ಕಪ್ಪೆಗಳನ್ನು ಕೊಂದಿರುವ ಕೈಟ್ರಿಡ್ ಶಿಲೀಂಧ್ರ ಹರಡಿದ ದಾರಿಗಳಲ್ಲಿ ಉಭಯಚರಗಳ ವ್ಯಾಪಾರವೂ ಒಂದು.

ಚಾಕೋದಲ್ಲಿ ಬರವನ್ನು ಮುಗಿಸುವುದು ಮಳೆ. ತೊಟ್ಟಿಯಲ್ಲಿ ಬರ ತರುವ ಅಧಿಕಾರವೂ ಮುಗಿಸುವ ಅಧಿಕಾರವೂ ಸಾಕುವವರ ಕೈಯಲ್ಲಿದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಜೀವ ಇದು. ಕಪ್ಪೆ ಕೊಳ್ಳುವ ಮೊದಲೇ ತಾಪಮಾಪಕ, ತೇವಾಂಶಮಾಪಕ, ಒಂದು ಸಣ್ಣ ತಕ್ಕಡಿ ಕೊಂಡುಕೊಳ್ಳಿ. ಹತ್ತು ಸೆಂಟಿಮೀಟರ್ ಆಳದ ಮಣ್ಣನ್ನು ಕೆಲವು ವಾರ ಹದವಾಗಿ ಕಾಪಾಡಲು ನಿಮಗೆ ಸಾಧ್ಯವೇ ಎಂದು ಪರೀಕ್ಷಿಸಿಕೊಳ್ಳಿ. ಅದು ಸಾಧ್ಯವಾದವರ ಮನೆಯಲ್ಲಿ ಕಪ್ಪೆ ತಿಂಗಳಿಡೀ ಕಣ್ಣಿಗೆ ಬೀಳದಿದ್ದರೂ ಕ್ಷೇಮವಾಗಿರುತ್ತದೆ. ಸಾಧ್ಯವಾಗದವರು ಸಾಕದಿರುವುದೇ ಅದಕ್ಕೆ ಮಾಡುವ ಉಪಕಾರ.